ನೊರೆ ಇಳಿಯುವಷ್ಟು ಹೊತ್ತು

೨ ಜೂನ್ ೨೦೨೫, ಸೋಮವಾರ

ಇದು ನಂಜನಗೂಡಿನ ಪಕ್ಕದ ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ನಾನಿದ್ದ ಕಂಪನಿಯವರು ಹೊಸವರ್ಷಕ್ಕೆ ಕೊಟ್ಟಿದ್ದ ಡೈರಿ. ಮಾರ್ಚಿನಲ್ಲಿ ಕೆಲಸ ಹೋಯಿತು, ಡೈರಿ ಉಳಿಯಿತು. ಬಿಸಾಕಲು ಮನಸ್ಸಾಗದೆ ಇದರಲ್ಲೇ ಶುರು ಮಾಡಿದ್ದೇನೆ.

ಆರು ವರ್ಷ ಅಲ್ಲಿ ಎಚ್‌ಆರ್‌ನಲ್ಲಿದ್ದೆ. ಗುತ್ತಿಗೆ ಕೆಲಸಕ್ಕೆ ಬರುವವರ ಸಂದರ್ಶನವೆಲ್ಲ ನನ್ನದೇ. ದಿನಕ್ಕೆ ನಲವತ್ತು ಜನ, ತಲೆಗೆ ನಾಲ್ಕು ನಿಮಿಷ. ಹೆಸರು, ಊರು, ಐಟಿಐ ಆಗಿದೆಯಾ, ನೈಟ್ ಶಿಫ್ಟ್ ಆಗುತ್ತಾ, ಆಯ್ತು, ಹೊರಗೆ ಕೂತಿರಿ. ಅವರು ಬಾಯಿ ತೆರೆಯುವ ಮುಂಚೆಯೇ ಉತ್ತರ ನನಗೆ ಗೊತ್ತಿರುತ್ತಿತ್ತು. ನಾನೇ ಎದುರು ಕೂತ ಸಂದರ್ಶನಗಳೂ ಮೂರಾಗಿವೆ. ಮೂರು ಸಲವೂ ಅಮ್ಮ ಕೇಸರಿಬಾತು ಮಾಡಿದ್ದಳು, ಮೂರು ಸಲವೂ ಗಂಡಿನ ಕಡೆಯವರು "ಊರಿಗೆ ಹೋಗಿ ತಿಳಿಸ್ತೀವಿ" ಅಂದರು. ಹಾಗಾಗಿ ಸಂದರ್ಶನ ಅಂದರೆ ಜರಡಿ ಹಿಡಿಯುವುದು ಅಂತ ನನಗೆ ಎರಡೂ ಕಡೆಯಿಂದ ಗೊತ್ತು.

ಹೊಸ ಕೆಲಸ ಮೈಸೂರಿನ ಒಂದು ಸಂಸ್ಥೆಯದು. ಆಸ್ಪತ್ರೆ ಸೇರದೆ, ಡಾಕ್ಟರು ನೋಡದೆ ಮನೆಯಲ್ಲೇ ತೀರಿಕೊಂಡವರು ಯಾವುದರಿಂದ ಸತ್ತರು ಅಂತ ಸರ್ಕಾರಕ್ಕೂ ಗೊತ್ತಿರುವುದಿಲ್ಲ, ಯಾರಿಗೂ ಗೊತ್ತಿರುವುದಿಲ್ಲವಂತೆ. ಸಾವಾದ ಕೆಲವು ತಿಂಗಳ ಮೇಲೆ ನಾವು ಆ ಮನೆಗೆ ಹೋಗಿ, ಕೊನೆಯ ದಿನಗಳಲ್ಲಿ ಏನೇನಾಯಿತು ಅಂತ ಕೇಳಿ ಬರೆದುಕೊಂಡು ಬರಬೇಕು. ಇಬ್ಬರು ಡಾಕ್ಟರು ಬೇರೆ ಬೇರೆ ಕೂತು ಅದನ್ನು ಓದಿ ಕಾರಣ ಗುರುತಿಸುತ್ತಾರೆ. ಇದಕ್ಕೆ ಬಾಯಿಮಾತಿನ ಶವಪರೀಕ್ಷೆ ಅಂತ ಹೆಸರು. ಅಮ್ಮನಿಗೆ "ಆರೋಗ್ಯದ ಸರ್ವೆ" ಅಂದಿದ್ದೇನೆ. ಅಸಲು ಹೆಸರು ಹೇಳಿದರೆ ಹೊಸಿಲು ದಾಟಿಸುವುದಿಲ್ಲ.

ಮೂರು ತಿಂಗಳು ಪ್ರೊಬೇಷನ್. ಅಷ್ಟರೊಳಗೆ ತಾಂಡ್ಯದಲ್ಲಿ ಬೇರೆ ಯಾರಾದರೂ ಕರೆದರೆ ನಾನು ನಿಲ್ಲುವವಳಲ್ಲ.

೫ ಜೂನ್, ಗುರುವಾರ

ಮೈಸೂರಿನಲ್ಲಿ ತರಬೇತಿ. ನಮ್ಮ ಮೇಲ್ವಿಚಾರಕರು ಹರಿಪ್ರಸಾದ್ ಸರ್, ರಿಟೈರಾದ ಹೆಲ್ತ್ ಇನ್‌ಸ್ಪೆಕ್ಟರ್. ಅವರೇ ಅಪ್ಪನನ್ನು ಕಳೆದುಕೊಂಡ ಮಗನಾಗಿ ಕೂತರು, ನಾನು ಕೇಳಬೇಕು.

"ಆವತ್ತು ಬೆಳಿಗ್ಗೆ ನಮ್ಮಪ್ಪನಿಗೆ..." ಅಂತ ನಿಲ್ಲಿಸಿದರು.

"ಜ್ವರ ಬಂತಾ?" ಅಂದೆ.

"ಫೇಲು" ಅಂದರು. "ನಮ್ಮಪ್ಪನಿಗೆ ಜ್ವರ ಇರ್ಲಿಲ್ಲ ಕಣಮ್ಮ. ಆದ್ರೆ ನೀನು ಕೇಳಿದ ತಕ್ಷಣ ಮೈ ಬೆಚ್ಚಗಿತ್ತೇನೋ ಅನ್ನಿಸೋಕೆ ಶುರುವಾಯ್ತು. ಇನ್ನು ಯಾರು ಕೇಳಿದ್ರೂ ಜ್ವರ ಇತ್ತು ಅಂತಲೇ ಹೇಳ್ತೀನಿ. ನೋಡು, ಒಂದು ಮಾತಲ್ಲಿ ನಮ್ಮಪ್ಪನ ಸಾವನ್ನೇ ಬದಲಾಯಿಸ್ಬಿಟ್ಟೆ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಎದುರಿನವರ ಮಾತು ನಿಂತ ಮೇಲೆ ಮನಸ್ಸಿನಲ್ಲಿ ಐದು ಎಣಿಸಬೇಕಂತೆ. ನಾನು ಎರಡಕ್ಕೇ ಬಾಯಿ ಬಿಡುತ್ತೇನೆ. ಅವರ ಮಾತನ್ನು ಅವರದೇ ಪದಗಳಲ್ಲಿ ಬರೆಯಬೇಕು. ಯಾವುದರಿಂದ ಸತ್ತರು ಅಂತ ಮನೆಯವರಿಗೆ ನಾವು ಹೇಳುವಂತಿಲ್ಲ, ಫಾರಂ ವಾಪಸ್ ಬಂದರೆ ಹೊರತು ಡಾಕ್ಟರು ಬರೆದದ್ದು ನಮಗೂ ತಿಳಿಯುವುದಿಲ್ಲ. ಬರೀ ಕೇಳುವುದು. ಇದೆಂಥ ವ್ಯಾಪಾರವೋ!

೧೧ ಜೂನ್, ಬುಧವಾರ

ಮೊದಲ ಮನೆ. ನಂಜನಗೂಡಿನಿಂದ ನರಸೀಪುರ, ಅಲ್ಲಿ ಬಸ್ಸು ಬದಲಿಸಿ ಸೋಮನಾಥಪುರ. ಬಸ್ಸಿನಿಂದ ಇಳಿದವರೆಲ್ಲ ದೇವಸ್ಥಾನ ನೋಡಲು ಹೋದರು, ನಾನೊಬ್ಬಳು ಊರೊಳಗಿನ ಬೀದಿಗೆ.

ಪಾಪಮ್ಮ, ಅರವತ್ತು ದಾಟಿದವರು. ಒಂದು ಹಸು, ಎರಡು ಕೋಣೆಯ ಮನೆ, ಗೋಡೆಯಲ್ಲಿ ಅಂಬೇಡ್ಕರ್ ಫೋಟೊ, ಅದರ ಪಕ್ಕ ಮಗನದು. ಮಗ ನಂಜೇಶ್‌ಗೆ ಮೂವತ್ತೆಂಟು. ತಾಂಡ್ಯದಲ್ಲಿ ಕೆಲಸ, ಹೆಂಡತಿ ಮಗಳ ಜೊತೆ ನಂಜನಗೂಡಿನಲ್ಲಿ ಬಾಡಿಗೆ ಮನೆ. ಸಂಕ್ರಾಂತಿ ಕಳೆದ ಶನಿವಾರ ಒಬ್ಬನೇ ಅಮ್ಮನ ಮನೆಗೆ ಬಂದಿದ್ದಾನೆ. ಭಾನುವಾರ ಬೆಳಿಗ್ಗೆ ಇಲ್ಲ.

"ಮಲಗಿದ್ದೋನು ಏಳ್ನಿಲ್ಲ ಕಣವ್ವ" ಅಂದರು ಪಾಪಮ್ಮ. ಅಷ್ಟೇ.

ನೋವಿತ್ತಾ? ಇಲ್ಲ. ಉಸಿರು ಕಟ್ಟಿತಾ? ಇಲ್ಲ. ಬೆವರು? ಇಲ್ಲ. ಎಲ್ಲದಕ್ಕೂ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಫಾರಂ ತುಂಬಿತು. ಹಳೇ ಕೈ ಇನ್ನೂ ಪಳಗಿದೆ ಅಂದುಕೊಂಡೆ.

ಟೀ ಕಾಯಿಸಲು ಎದ್ದರು. "ಬೇಡಮ್ಮ, ಈಗಷ್ಟೇ ನರಸೀಪುರದಲ್ಲಿ ಕುಡಿದೆ" ಅಂದೆ. ನಿಜವಾಗಲೂ ಕುಡಿದಿದ್ದೆ. ನನ್ನ ಹೆಸರನ್ನೂ ನಮ್ಮ ಮನೆ ದೇವಸ್ಥಾನದ ಬೀದಿಯಲ್ಲಿರುವುದನ್ನೂ ಆಗಲೇ ಕೇಳಿ ತಿಳಿದಿದ್ದರು. "ಗೊತ್ತಾಯ್ತು ಬುಡವ್ವ" ಅಂತ ಪಾತ್ರೆಯನ್ನು ಕೆಳಗಿಟ್ಟರು. ಬಸ್ಸು ಹತ್ತಿದ ಮೇಲೆ ಅವರಿಗೆ ಏನು ಗೊತ್ತಾಯಿತು ಅನ್ನುವುದು ನನಗೆ ಗೊತ್ತಾಯಿತು.

ಅದಕ್ಕಿಂತ ದೊಡ್ಡ ಎಡವಟ್ಟು ಬೇರೆ ಆಗಿತ್ತು. ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾ ಅಭ್ಯಾಸಬಲದಿಂದ "ಬರ್ತೀನಮ್ಮ" ಅಂದುಬಿಟ್ಟೆ. ಸಾವಿನ ಮನೆಯಿಂದ ಹೊರಡುವಾಗ ಯಾರಾದರೂ ಹಾಗನ್ನುತ್ತಾರಾ! ಸುಮ್ಮನೆ ಎದ್ದು ಬರಬೇಕು. ಮನೆಯವರೂ "ಹೋಗಿ ಬಾ" ಅನ್ನುವುದಿಲ್ಲ. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ವಿಷಯ. ಅವರ ಮುಖ ಒಂಥರಾ ಆಯಿತು.

"ಹನ್ನೊಂದನೇ ದಿನ ಕಳೆದು ಎಷ್ಟೋ ತಿಂಗಳಾಯ್ತಲ್ಲಮ್ಮ" ಅಂತ ತೇಪೆ ಹಾಕಲು ಹೋದೆ.

"ತಿಥಿ ಆದ್ರೇನವ್ವ. ಆವತ್ತು ಓದ ಸೊಸೆ, ಕೂಸು ತಿರ್ಗಿ ಈ ಕಡೆ ಮಕ ಆಕಿಲ್ಲ. ಈ ಮನೇಲಿ ಸಾವು ಇನ್ನೂ ಎದ್ದೋಗಿಲ್ಲ ಕಣವ್ವ."

೧೨ ಜೂನ್, ಗುರುವಾರ

ಸರ್ವೆ ಎಂಥದ್ದು ಅಂತ ಅಮ್ಮನಿಗೆ ತಿಳಿದುಹೋಯಿತು. ಬ್ಯಾಗಿನಲ್ಲಿ ಫಾರಂ ನೋಡಿದ್ದಾಳೆ. ನಮ್ಮಮ್ಮ ಅಂಬುಜಮ್ಮನವರ ತೀರ್ಪು: ದಿನಾ ಹಿತ್ತಿಲಿಂದ ಬಂದು, ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡೇ ಒಳಗೆ ಕಾಲಿಡಬೇಕು.

"ಸೂತಕ ಕಳೆದ ಮನೆ ಅಮ್ಮ."

"ಸಾವಿನ ಮಾತು ಆಡ್ಕೊಂಡು ಬಂದಿದ್ದೀಯಲ್ಲ, ಅಷ್ಟೇ ಸಾಕು. ನೀರು ಕಾದಿದೆ, ನಡಿ."

"ದಿನಕ್ಕೆ ಮೂರು ಮನೆ ಆದರೆ ಮೂರು ಸ್ನಾನವಾ?" ಅಂದೆ. ಯೋಚಿಸಿ, ಮೂರಕ್ಕೂ ಸೇರಿ ಒಂದು ಅಂತ ರಿಯಾಯಿತಿ ಕೊಟ್ಟಳು.

೧೮ ಜೂನ್, ಬುಧವಾರ

ಒಂದೇ ಮನೆ ಆಯಿತು ಇವತ್ತು, ಬೇಕಾದ್ದು ಮೂರು. ಆದರೂ ಬೇಜಾರಿಲ್ಲ.

ನರಸೀಪುರದ ಹತ್ತಿರ ಗೋವಿಂದಯ್ಯ ಅನ್ನುವವರು. ಹೆಂಡತಿ ಹೋಗಿ ನಾಲ್ಕು ತಿಂಗಳು. "ತೂಕ ಇಳಿದಿತ್ತೇ" ಅಂತ ಒಂದು ಪ್ರಶ್ನೆ ಇದೆ, ಹೌದು ಅಥವಾ ಇಲ್ಲ ಅಂತ ಗುರುತು ಹಾಕಿದರೆ ಮುಗಿಯಿತು. ಅವರು ಸುಮ್ಮನಾದರು. ಈ ಸಲ ಹೇಗೋ ಐದು ಎಣಿಸಿದೆ.

"ದಸರಾದಲ್ಲಿ ಒಂದು ಮುದ್ದೆ ಉಣ್ತಿದ್ಲು" ಅಂದರು. "ದೀಪಾವಳಿಗೆ ಅರ್ಧ. ಆಮೇಕೆ ನಾನೇ ತಿರುವ್ತಿದ್ನಲ್ಲ, ಮೂಸಂಬಿ ಗಾತ್ರ ಮಾಡ್ದೆ. ಆಮೇಕೆ ನಿಂಬೆಅಣ್ಣು. ಕಡೇ ವಾರ ನೆಲ್ಲಿಕಾಯಿ. ಅಷ್ಟು ಸಣ್ಣ ಮುದ್ದೆ ಕಟ್ಟೋದು ಕಷ್ಟ ಕಣವ್ವ, ಅಂಗೈಲಿ ನಿಲ್ಲಾಕಿಲ್ಲ."

ನನ್ನ ಪೆನ್ನು ನಿಂತುಹೋಯಿತು. ಆರು ವರ್ಷದಲ್ಲಿ ಎಷ್ಟು ಸಾವಿರ ಜನರನ್ನು ನಾಲ್ಕು ನಾಲ್ಕು ನಿಮಿಷ ಕೂರಿಸಿ ಎಬ್ಬಿಸಿದ್ದೇನೆ. ಅವರ ಒಳಗೆಲ್ಲ ಇಂಥದ್ದು ಇತ್ತಾ?

೩ ಜುಲೈ, ಗುರುವಾರ

ಕಪಿಲೆ ತುಂಬಿ ಸೋಪಾನಕಟ್ಟೆ ಮುಳುಗಿದೆ. ನನ್ನ ಫಾರಂ ಕೂಡ ಮುಳುಗಿತು. ನಂಜೇಶ್‌ದು ವಾಪಸ್ ಬಂದಿದೆ. ಒಬ್ಬ ಡಾಕ್ಟರು "ಕಾರಣ ತಿಳಿಯದು" ಅಂತ ಬರೆದಿದ್ದಾರೆ. ಇನ್ನೊಬ್ಬರು ಕೆಂಪು ಇಂಕಿನಲ್ಲಿ, "ಮೂವತ್ತೆಂಟರ ಗಂಡಸಿಗೆ ಒಂದು ಲಕ್ಷಣವೂ ಇಲ್ಲವೇ? ಹಿಂದಿನ ವಾರ ಯಾರ ಜೊತೆಗಿದ್ದ? ಅವರನ್ನು ಕೇಳಿ. ತಾಯಿಯನ್ನೂ ಮತ್ತೆ ಕೇಳಿ."

"ಎಷ್ಟು ಹೊತ್ತು ಕೂತಿದ್ದೆ ಅಲ್ಲಿ?" ಹರಿಪ್ರಸಾದ್ ಸರ್ ಕೇಳಿದರು.

"ಇಪ್ಪತ್ತು ನಿಮಿಷ ಸರ್."

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

೯ ಜುಲೈ, ಬುಧವಾರ

ಸೊಸೆಯ ಮನೆ ನಂಜನಗೂಡಿನಲ್ಲೇ, ರೈಲು ನಿಲ್ದಾಣದ ಆಚೆ ಒಂದು ವಠಾರ. ಪುಟ್ಟಲಕ್ಷ್ಮಿ ತಾಂಡ್ಯದಲ್ಲೇ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಶಿಫ್ಟು ಮುಗಿಸಿ ಬರುವವರೆಗೆ ಮೆಟ್ಟಿಲ ಮೇಲೆ ಕಾದೆ. ಮಗಳು ಶೃತಿ, ಎರಡನೇ ಕ್ಲಾಸು, ನನ್ನ ಐಡಿ ಕಾರ್ಡನ್ನು ಜೋರಾಗಿ ಓದಿದಳು.

ಪುಟ್ಟಲಕ್ಷ್ಮಿ ಬಂದವಳು ಕೂರಲಿಲ್ಲ. "ಕೇಳಿ ಏನು ಮಾಡ್ತೀರಾ ಮೇಡಂ? ಅವ್ರು ವಾಪಸ್ ಬರ್ತಾರಾ?" ನನ್ನ ಹತ್ತಿರ ತರಬೇತಿಯಲ್ಲಿ ಕೊಟ್ಟ ಉತ್ತರವಿತ್ತು: ಜನ ಯಾವುದರಿಂದ ಸಾಯುತ್ತಾರೆ ಅಂತ ಗೊತ್ತಾದರೆ ಆಸ್ಪತ್ರೆಗಳಿಗೆ ಏನು ಬೇಕು ಅಂತ ಗೊತ್ತಾಗುತ್ತದೆ. ಅದನ್ನೇ ಹೇಳಿದೆ. ಹೇಳುವಾಗ ನನಗೇ ಸಪ್ಪೆ ಅನ್ನಿಸಿತು. "ಬರಲ್ಲ ಪುಟ್ಟಲಕ್ಷ್ಮಿ" ಅಂತಲೂ ಸೇರಿಸಿದೆ. ಅದಾದ ಮೇಲೆ ಕೂತಳು.

ಆ ವಾರವೆಲ್ಲ ಅವನಿಗೆ ಎಡತೋಳು ಸೆಳೆಯುತ್ತಿತ್ತಂತೆ. ಎಣ್ಣೆ ತಿಕ್ಕಿದ್ದಾಳೆ. ಡಾಕ್ಟರ ಹತ್ತಿರ ಹೋಗಿ ಅಂತ ಮೂರು ಸಲ ಹೇಳಿದ್ದಾಳೆ. ಓಟಿ ಇದೆ, ಆಮೇಲೆ ಅಂದಿದ್ದಾನೆ. ಶನಿವಾರ ಅದಕ್ಕೇ ಜಗಳ.

"ನನ್ ಮಾತು ಕೇಳಲ್ಲ ಅಂದ್ರೆ ನಿಮ್ಮವ್ವನ ಮನೇಗೇ ಓಗಿ ಅಂದೆ. ಓದ್ರು ಮೇಡಂ. ಚಪ್ಪಲಿ ಆಕ್ಕೊಂಡು ಓಗೇಬುಟ್ರು. ಕ್ವಾಪದಲ್ಲೇ ಪ್ರಾಣ ಓಯ್ತು. ನಾನೇ ಅಲ್ವಾ ಕಳ್ಸಿದ್ದು?"

ಅವಳ ಮಾತನ್ನು ಅವಳದೇ ಪದಗಳಲ್ಲಿ ಬರೆದುಕೊಂಡೆ. ಕೊನೆಗೆ ಅವಳೇ, "ನಮ್ಮತ್ತೆ ಮಕ ನೋಡೋಕೆ ನಂಗೆ ಧೈರ್ಯ ಇಲ್ಲ. ಅವ್ರು ಕೇಳಿದ್ರೆ ಏನಂತ ಯೋಳ್ಲಿ" ಅಂದಳು. ಪಾಪಮ್ಮ ಸೊಸೆ ಬರುವುದಿಲ್ಲ ಅಂತ ಅಲ್ಲಿ ಕೊರಗುತ್ತಿದ್ದಾರೆ, ಇವಳು ಹೋಗಲು ಮುಖವಿಲ್ಲ ಅಂತ ಇಲ್ಲಿ.

೧೪ ಜುಲೈ, ಸೋಮವಾರ

ತಾಂಡ್ಯದ ಇನ್ನೊಂದು ಕಂಪನಿ ಸಂದರ್ಶನಕ್ಕೆ ಕರೆದಿತ್ತು, ರಜೆ ಹಾಕಿ ಹೋದೆ. ಎದುರಿಗಿದ್ದವರು ಚಿಕ್ಕವರು, ಚುರುಕಿನವರು. "ನಿಮ್ಮ ಬಗ್ಗೆ ಹೇಳಿ" ಅಂದರು, ನಾನು ಎರಡು ಮಾತು ಆಡುವಷ್ಟರಲ್ಲಿ ಮೂರನೆಯದನ್ನು ಅವರೇ ಮುಗಿಸಿದರು. ನಾಲ್ಕು ನಿಮಿಷ ಆಗಿತ್ತು, ಗಡಿಯಾರ ನೋಡಿದೆ. ಆಯ್ಕೆ ಆಗಬಹುದು ಅನ್ನಿಸುತ್ತೆ. ಹಿಂದಿನದಕ್ಕಿಂತ ಸಂಬಳ ಜಾಸ್ತಿ.

೧೭ ಜುಲೈ, ಗುರುವಾರ

ಮತ್ತೆ ಸೋಮನಾಥಪುರ. ಹೇಗೆ ಮುಖ ತೋರಿಸಲಿ ಅಂತ ದಾರಿಯುದ್ದಕ್ಕೂ ಹೆದರಿದ್ದೆ. ಪಾಪಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದವರು ತಿರುಗಿ ನೋಡಿದರು.

"ಬಾವ್ವ. ಬತ್ತೀನಿ ಅಂದಿದ್ದಲ್ಲ, ದಿನಾ ಬಸ್ಸಿನ ಒತ್ತಿಗೆ ನೋಡ್ತಿದ್ದೆ."

ನಾನು ಬಾಯ್ತಪ್ಪಿ ಆಡಿದ ಮಾತನ್ನು ಹಿಡಿದುಕೊಂಡು ಈಕೆ ಐದು ವಾರ ದಾರಿ ಕಾದಿದ್ದಾರೆ! ನಾನೇ ಕುಡಿಯಲು ನೀರು ಕೇಳಿದೆ. ಚೊಂಬು ಕೊಡುವಾಗ ನನ್ನ ಮುಖವನ್ನೇ ನೋಡಿದರು. ಪೂರ್ತಿ ಕುಡಿದೆ.

"ಆವತ್ತು ಸುಳ್ಳೇಳ್ಬುಟ್ಟೆ ಕಣವ್ವ" ಅಂದರು.

ಆ ಭಾನುವಾರ ಹಾಲು ಕರೆದು ಏಳುವಷ್ಟರಲ್ಲಿ ನಂಜೇಶ್ ಕೊಟ್ಟಿಗೆ ಬಾಗಿಲಿಗೆ ಬಂದು, ಎದೆ ಹಿಡಿದ ಹಾಗಿದೆ, ಗ್ಯಾಸು ಅಂದನಂತೆ. ಮಜ್ಜಿಗೆಗೆ ಇಂಗು ಹಾಕಿ ಕೊಟ್ಟಿದ್ದಾರೆ. ಕುಡಿದು ಮಲಗು ಅಂತ ಹೇಳಿ ಡೇರಿಗೆ ಹಾಲು ಹಾಕಲು ಹೋಗಿದ್ದಾರೆ. ಬಂದು ನೋಡಿದರೆ ಮಗ ಇಲ್ಲ.

"ಎಲ್ಡು ಗಂಟೆ ಕಣವ್ವ. ಮಗ ಸಾಯ್ತಾ ಅವ್ನೆ, ನಾನು ಎಲ್ಡು ಗಂಟೆ ಡೇರಿ ತಾವ ಅವ್ರೆಕಾಯಿ ಮಾತಾಡ್ಕಂಡು ನಿಂತಿದ್ದೆ. ಯಾವ ತಾಯಿ ಮಾಡ್ತಾಳೆ? ಸೊಸೆ ಅದ್ಕೇ ಬರಾಕಿಲ್ಲ. ಬಂದು ಉಗುದ್ರೂ ಸರಿ, ಕೂಸು ತಕ್ಕಬಂದು ಒಂದ್ಗಳಿಗೆ ಉಗುದ್ಬುಟ್ಟು ಓದ್ರೂ ಸರಿ."

"ಎರಡು ಗಂಟೆ" ಅಂತ ಹಾಗೆಯೇ ಬರೆದುಕೊಂಡೆ. ಹಿಂದಿನ ರಾತ್ರಿ ಹೇಗಿದ್ದ ಅಂತ ಕೇಳಿದೆ.

"ನಗ್ತಾ ಬಂದ. ಎಲ್ಡು ಮುದ್ದೆ ಉಂಡ. 'ಸ್ವಾಮಾರ ಡಾಕ್ಟ್ರ ತಾವ ಓಯ್ತೀನಿ ಕಣವ್ವ, ಇಲ್ದಿದ್ರೆ ನಮ್ ಪುಟ್ಟಿ ಸುಮ್ನೆ ಬುಡಾಕಿಲ್ಲ' ಅಂದ."

ಪುಟ್ಟಲಕ್ಷ್ಮಿಗೆ ಬೇಕಾದ ಮಾತು ಇಲ್ಲಿದೆ, ಈ ಮುದುಕಿಯ ಮಡಿಲಲ್ಲಿ. ಆರು ತಿಂಗಳಿಂದ ಇದೆ. ಯಾರೂ ಕೇಳಿಲ್ಲ, ಇವರು ಹೇಳಿಲ್ಲ.

ಹೊರಡುವಾಗ ನೆನಪಿಟ್ಟುಕೊಂಡು ಮಾತಿಲ್ಲದೆ ಎದ್ದು ಬಂದೆ.

೧೮ ಜುಲೈ, ಶುಕ್ರವಾರ

ನಿನ್ನೆ ಸ್ನಾನ ಮಾಡುತ್ತಿದ್ದಾಗ ಅಮ್ಮ ಬಚ್ಚಲ ಬಾಗಿಲ ಆಚೆ ಕೂತಿದ್ದಳು. "ಆಯ್ತಾ ಆ ಪಾಪಮ್ಮನ ಮನೆ?" ಅಂದಳು. ಹ್ಞೂಂ ಅಂದೆ. ಅದಕ್ಕಿಂತ ಹೆಚ್ಚು ಹೇಳುವಂತಿಲ್ಲ. ಎರಡು ತಂಬಿಗೆ ನೀರು ಹುಯ್ದುಕೊಂಡೆ.

"ನಿನ್ನ ಅಕ್ಕ ಹನ್ನೊಂದು ತಿಂಗಳಿದ್ದಳು" ಅಂದಳು ಅಮ್ಮ.

ನನಗೊಬ್ಬಳು ಅಕ್ಕ ಇದ್ದಳು ಅನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ತಂಬಿಗೆ ಕೆಳಗಿಟ್ಟೆ. ಅಮ್ಮ ಹೇಳುತ್ತಾ ಹೋದಳು, ನೀರು ಆರಿಹೋಗುವವರೆಗೆ ಹೇಳಿದಳು. ಯಾಕೆ ಈಗ ಹೇಳಬೇಕು ಅನ್ನಿಸಿತೋ! ಆಮೇಲೆ ಊಟಕ್ಕೆ ಕೂತಾಗ, "ಏನೇ, ಹುಷಾರಿಲ್ವಾ? ಮಾತೇ ಕಮ್ಮಿ ಆಗಿದೆ ನಿಂದು" ಅಂತ ಹಣೆ ಮುಟ್ಟಿ ನೋಡಿದಳು. ನಾನು ಚೆನ್ನಾಗೇ ಇದ್ದೇನೆ.

೨೧ ಜುಲೈ, ಸೋಮವಾರ

ಹರಿಪ್ರಸಾದ್ ಸರ್‌ಗೆ ಎಲ್ಲ ಹೇಳಿದೆ. ಒಬ್ಬೊಬ್ಬರೂ ತಾನೇ ಕೊಂದೆ ಅಂದುಕೊಂಡಿದ್ದಾರೆ ಸರ್, ಅವನು ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇನೆ ಅಂದದ್ದೊಂದನ್ನು ಹೆಂಡತಿಗೆ ಹೇಳಿಬಿಡಲಾ ಅಂದೆ.

"ಹೇಳಿದ್ರೆ ಇವತ್ತೇ ಐಡಿ ಕಾರ್ಡ್ ಇಟ್ಟು ಹೋಗು" ಅಂದರು. "ಅವರು ನಿನ್ನ ನಂಬಿ ಹೇಳಿದ್ದು. ಒಬ್ಬರ ಮಾತನ್ನ ಇನ್ನೊಬ್ಬರಿಗೆ ದಾಟಿಸಿದರೆ ಅದು ಚಾಡಿ ಆಗುತ್ತೆ, ಒಳ್ಳೇದಾದರೂ ಚಾಡಿನೇ. ನಾಳೆಯಿಂದ ಆ ತಾಲ್ಲೂಕಲ್ಲಿ ನಮ್ಮೋರಿಗೆ ಯಾರೂ ಬಾಗಿಲು ತೆಗೆಯಲ್ಲ."

ಅವರು ಹೇಳಿದ್ದು ಸರಿ. ಸರಿ ಅನ್ನುವುದೇ ಹೊಟ್ಟೆ ಉರಿಸುತ್ತಿದೆ.

೨೮ ಜುಲೈ, ಸೋಮವಾರ

ತರಬೇತಿಯ ಕೈಪಿಡಿಯನ್ನು ಮೊದಲ ಸಲ ಕೊನೆಯವರೆಗೆ ಓದಿದೆ. ಎಂಬತ್ತೆರಡನೇ ಪುಟದಲ್ಲಿದೆ: ಇಬ್ಬರ ಹೇಳಿಕೆಗಳು ಒಂದಕ್ಕೊಂದು ಕೂಡಿ ಬರದಿದ್ದರೆ, ಇಬ್ಬರೂ ಒಪ್ಪಿದಲ್ಲಿ, ಒಟ್ಟಿಗೆ ಕೂರಿಸಿ ಮೊದಲಿನಿಂದ ಕೇಳಬಹುದು. ಸರ್‌ಗೆ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. "ಇಷ್ಟು ವರ್ಷದಲ್ಲಿ ಈ ಪುಟ ಯಾರೂ ತೆಗೆದಿಲ್ಲ ಕಣಮ್ಮ" ಅಂದರು.

ಪಾಪಮ್ಮನಿಗೆ ಡೇರಿ ಸೆಕ್ರೆಟ್ರಿಯ ಫೋನಿಗೆ ಮಾಡಿದೆ. "ಅವ್ಳು ಬತ್ತಾಳಾ?" ಅಂತ ಮೂರು ಸಲ ಕೇಳಿದರು. ಸಂಜೆ ವಠಾರಕ್ಕೆ ಹೋದೆ. ಪುಟ್ಟಲಕ್ಷ್ಮಿ ಕೇಳಿದ್ದೂ ಒಂದೇ. "ಅತ್ತೆ ಒಪ್ಪವ್ರಾ? ಏನಂದ್ರು?"

"ಒಪ್ಪಿದ್ದಾರೆ. ಅದಕ್ಕಿಂತ ಜಾಸ್ತಿ ಹೇಳೋ ಹಾಗಿಲ್ಲ ನಾನು. ಬಂದರೆ ಇಬ್ಬರನ್ನೂ ಕೂರಿಸಿ ಕೇಳ್ತೀನಿ, ಅಷ್ಟೇ. ಒಳ್ಳೇದಾಗುತ್ತೆ ಅಂತಲೂ ನಾನು ಹೇಳಲ್ಲ."

ಮಗಳ ಜಡೆ ಪೂರ್ತಿ ಹೆಣೆದು ಮುಗಿಸಿದಳು. ಆಮೇಲೆ, "ಭಾನುವಾರ ನಂಗೆ ರಜ" ಅಂದಳು.

೩ ಆಗಸ್ಟ್, ಭಾನುವಾರ

ನಡೆದ ಕ್ರಮದಲ್ಲೇ ಬರೆಯುತ್ತೇನೆ, ಒಂದು ಮಾತೂ ಕಳೆದುಹೋಗಬಾರದು.

ಶೃತಿ ಬಸ್ಸಿಳಿದವಳೇ ಓಡಿಹೋದಳು, ಸೀದಾ ಕೊಟ್ಟಿಗೆಗೆ. ಪಾಪಮ್ಮ ಬಾಗಿಲಲ್ಲಿ ನಿಂತಿದ್ದರು. ಸೊಸೆಯನ್ನು ಬಾ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಪುಟ್ಟಲಕ್ಷ್ಮಿ ಹೊಸಿಲ ಹತ್ತಿರವೇ ಗೋಡೆಗೊರಗಿ ಕೂತಳು, ಎದ್ದು ಓಡಲು ತಯಾರಾದವಳ ಹಾಗೆ. ಪಾಪಮ್ಮ ಆ ಕಡೆ, ಮಗನ ಫೋಟೊ ಕೆಳಗೆ. ನಡುವೆ ನಾನು, ನನ್ನ ಫಾರಂ.

ಆ ವಾರದ ಸೋಮವಾರದಿಂದ ಶುರು ಮಾಡಿದೆ. ಪುಟ್ಟಲಕ್ಷ್ಮಿ ನೆಲ ನೋಡುತ್ತಾ ಹೇಳಿದಳು: ತೋಳು ಸೆಳೆತ, ಎಣ್ಣೆ, ಡಾಕ್ಟರು, ಜಗಳ. ಪಾಪಮ್ಮ ಇದನ್ನು ಕೇಳುತ್ತಿರುವುದು ಇದೇ ಮೊದಲು. "ನಾನೇ ಅತ್ತೆ ಓಗಿ ಅಂದಿದ್ದು" ಅಂತ ನಿಲ್ಲಿಸಿದಳು.

ನಾನು ಎಣಿಸಲು ಶುರು ಮಾಡಿದೆ. ಒಂದು, ಎರಡು. ಬಾಯಿಗೆ ಬಂದ ಮಾತನ್ನು ನುಂಗುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಏಳರವರೆಗೆ ಹೋದೆ. ಆಮೇಲೆ, "ಶನಿವಾರ ರಾತ್ರಿ ಬಂದಾಗ ಹೇಗಿದ್ದರು ಪಾಪಮ್ಮ?" ಅಂತ ಮಾತ್ರ ಕೇಳಿದೆ.

"ಅಯ್ಯೋ ನನ್ ಮಗ್ಳೆ" ಅಂದರು ಪಾಪಮ್ಮ. ನನಗಲ್ಲ. "ಅವ್ನೆಲ್ಲಿ ಕ್ವಾಪ ಮಾಡ್ಕಂಡಿದ್ದ? ನಗ್ತಾ ಬಂದ ಕಣೆ. ಎಲ್ಡು ಮುದ್ದೆ ಉಂಡ. ಸ್ವಾಮಾರ ಡಾಕ್ಟ್ರ ತಾವ ಓಯ್ತೀನಿ, ಇಲ್ದಿದ್ರೆ ನಮ್ ಪುಟ್ಟಿ ಸುಮ್ನೆ ಬುಡಾಕಿಲ್ಲ ಅಂದ."

"ಪುಟ್ಟಿ ಅಂದ್ರಾ?"

"ಪುಟ್ಟಿ ಅಂತ್ಲೇ ಅಂದ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಫಾರಂ ನೋಡಿದೆ, ಅಕ್ಷರ ಕಾಣಿಸುತ್ತಿರಲಿಲ್ಲ. ಆದರೂ ಭಾನುವಾರ ಬಾಕಿ ಇತ್ತು, ಕೇಳಬೇಕಿತ್ತು.

ಪಾಪಮ್ಮ ಸೊಸೆಯ ಎದುರು ಹೇಳಿದರು: ಎದೆ ಹಿಡಿದದ್ದು, ಮಜ್ಜಿಗೆ, ಡೇರಿ. "ಎಲ್ಡು ಗಂಟೆ ಅಲ್ಲೇ ನಿಂತಿದ್ದೆ ಕಣವ್ವ. ಅಟ್ಟೀಲಿದ್ದಿದ್ರೆ ಆಸ್ಪತ್ರೆಗೆ ಒತ್ಕಂಡು ಓಗ್ಬೋದಿತ್ತು."

ಹೋದ ಸಲ ಇಲ್ಲೇ ನಾನು ತಪ್ಪಿದ್ದು. ಹಳ್ಳಿಯಲ್ಲಿ ಹೊತ್ತನ್ನು ಗಂಟೆಯಲ್ಲಿ ಕೇಳಬೇಡ, ಕೆಲಸದಲ್ಲಿ ಕೇಳು ಅಂತ ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ಇವತ್ತು ಹಾಗೇ ಕೇಳಿದೆ.

"ಮಜ್ಜಿಗೆ ಕೊಟ್ಟ ಮೇಲೆ ಏನು ಮಾಡಿದಿರಿ?"

"ಆಲು ಕ್ಯಾನ್‌ಗೆ ಸುರ್ಕಂಡು ಒಂಟೆ."

"ಡೇರಿಯಲ್ಲಿ ಎಷ್ಟು ಜನ ಮುಂದಿದ್ದರು?"

"ಇಬ್ರು. ಅವ್ರೆಕಾಯಿ ಸೊಗಡು ಈ ಸಲ ಚೆಂದಾಗದೆ ಅಂತಿದ್ರು."

"ನಿಮ್ಮ ಸರದಿ ಬಂದಾಗ ಹಾಲು ಹೇಗಿತ್ತು?"

ಇಂಥ ಪ್ರಶ್ನೆ ಯಾರು ಕೇಳುತ್ತಾರೆ ಅನ್ನುವಂತೆ ನನ್ನನ್ನು ನೋಡಿದರು. "ಎಂಗಿರ್ತದೆ? ಬಿಸಿ ಇತ್ತು, ನೊರೆ ಇತ್ತು. ಸೆಕ್ರೆಟ್ರಿ ಅಂದ, ನೊರೆ ಇಳೀಲಿ ತಡಿ ಪಾಪಕ್ಕ, ಅಳ್ತೆ ಸಿಕ್ಕಾಕಿಲ್ಲ ಅಂತ."

"ತಡೆದಿರಾ?"

ಪಾಪಮ್ಮ ಬಾಯಿ ತೆರೆದವರು ಹಾಗೇ ಉಳಿದರು. ಎಣಿಸುವುದನ್ನು ಮರೆತೆ. ಹೊರಗೆ ಕೊಟ್ಟಿಗೆಯಲ್ಲಿ ಶೃತಿ ಹಸುವಿಗೆ ಏನೋ ಹೇಳುತ್ತಿದ್ದಳು.

"ಇಲ್ಲ" ಅಂದರು ನಿಧಾನವಾಗಿ. "ಇಲ್ಲ ಕಣವ್ವ. ತಡೀನಿಲ್ಲ. ಯಾಕೋ ಮನ್ಸು ನಿಲ್ನಿಲ್ಲ. ಕ್ಯಾನ್ ಅಲ್ಲೇ ಬುಟ್ಟು ಬಂದ್ಬುಟ್ಟೆ. ಸೆಕ್ರೆಟ್ರಿನೇ ಆಮೇಕೆ ಕ್ಯಾನ್ ತಕ್ಕಬಂದ, ಎಣದ್ ಮುಂದೆ ಇಟ್ಟ..."

ಗೋಡೆಯ ಹತ್ತಿರದಿಂದ ಪುಟ್ಟಲಕ್ಷ್ಮಿ ಎದ್ದಳು. "ಅತ್ತೆ. ನೊರೆ ಇಳಿದಿರ್ನಿಲ್ವಾ?"

"ಇಳಿದಿರ್ನಿಲ್ಲ ಕಣೆ."

"ಅಂಗಾರೆ ಎಲ್ಡು ಗಂಟೆ ಎಲ್ಲಿಂದ ಬಂತು? ಮದ್ವೆಯಾಗಿ ಮೂರೊರ್ಷ ಇದೇ ಅಟ್ಟಿಯಿಂದ ಇದೇ ಡೇರಿಗೆ ನಾನೂ ಆಲು ಒತ್ತಿದ್ದೀನಿ. ಕರ್ದ ಆಲಿನ ನೊರೆ ಇಳಿಯೋಕೆ ಎಷ್ಟೊತ್ತು ಬೇಕು? ನೀವು ಓಗಿ ಬಂದಿದ್ದು ಕಾಲ್ಗಂಟೆನೂ ಇಲ್ಲ ಅತ್ತೆ. ನರಸೀಪುರಕ್ಕೆ ಆಟೋ ಕರ್ಯೋಕೇ ಅಷ್ಟೊತ್ತು ಸಾಲಲ್ಲ. ನೀವು ಓಡ್ಬಂದಿದ್ದೀರಿ ಅತ್ತೆ. ಓಡ್ಬಂದಿದ್ದೀರಿ!"

ಅತ್ತೆಯ ಎರಡು ಕೈಯನ್ನೂ ಹಿಡಿದುಕೊಂಡು ಅಲ್ಲಾಡಿಸುತ್ತಾ ಹೇಳಿದಳು. ಆರು ತಿಂಗಳು ಆ ಹೆಂಗಸು ಕಾಲು ಗಂಟೆಯನ್ನು ಎರಡು ಗಂಟೆ ಮಾಡಿಕೊಂಡು ಬದುಕಿದ್ದಾರೆ. ತಾನು ಓಡಿ ಬಂದದ್ದನ್ನೇ ಮರೆತಿದ್ದಾರೆ. ಇಬ್ಬರೂ ಅತ್ತರು. ನಾನೂ ಮುಖ ತಿರುಗಿಸಿ ಅತ್ತುಬಿಟ್ಟೆ, ಹೇಳಲು ನಾಚಿಕೆ ಏನು.

ನಾನು ಒಂದು ಮಾತನ್ನೂ ದಾಟಿಸಲಿಲ್ಲ. ಯಾವುದರಿಂದ ಸತ್ತ ಅಂತ ಹೇಳಲಿಲ್ಲ, ನನಗೆ ಗೊತ್ತೂ ಇಲ್ಲ. ಹಾಲು ಹೇಗಿತ್ತು ಅಂತ ಕೇಳಿದೆ, ಅಷ್ಟೇ. ಇಂಥದ್ದು ನನ್ನ ಕಣ್ಣೆದುರು ಆಯಿತು ಅನ್ನುವುದನ್ನು ಇನ್ನೂ ನಂಬಲಾಗುತ್ತಿಲ್ಲ. ಫಾರಂನಲ್ಲಿ ಇದಕ್ಕಿದ್ದ ಜಾಗ ಎರಡು ಗೆರೆ. ಹಿಂದಿನ ಪುಟದಲ್ಲೂ ಬರೆದೆ, ಅವರದೇ ಪದಗಳಲ್ಲಿ.

ಪುಟ್ಟಲಕ್ಷ್ಮಿ ಕೇಳದೆಯೇ ಒಳಗೆ ಹೋಗಿ ಒಲೆ ಹಚ್ಚಿದಳು. ಟೀ ಪುಡಿ ಡಬ್ಬ ಎಲ್ಲಿದೆ ಅಂತಲೂ ಅವಳು ಕೇಳಲಿಲ್ಲ. ಮೂವರೂ ಕುಡಿದೆವು, ನಾನು ಎರಡು ಲೋಟ. ಪಾಪಮ್ಮ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಬಿಡಲೇ ಇಲ್ಲ. ಇವತ್ತು ಇಲ್ಲೇ ಉಳಿಯುವುದು ಅಂತ ಅತ್ತೆ ಸೊಸೆ ತೀರ್ಮಾನಿಸಿಕೊಂಡರು.

ಬಸ್ಸಿಗೆ ಹೊತ್ತಾಯಿತು. ತುಟಿ ಬಿಗಿದುಕೊಂಡು ಎದ್ದು ಚಪ್ಪಲಿ ಹಾಕಿಕೊಂಡೆ, ತಿರುಗಿ ನೋಡದೆ ಅಂಗಳಕ್ಕಿಳಿದೆ. ಹಿಂದಿನಿಂದ ಪಾಪಮ್ಮ ಕೂಗಿದರು.

"ಓಗ್ಬುಟ್ಟು ಬಾ ಕಣವ್ವ."

ನಿಂತೆ. ಅವರು ಬಾಯ್ತಪ್ಪಿ ಅಂದದ್ದಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು. "ಬರ್ತೀನಮ್ಮ" ಅಂದೆ.

ಬಸ್ಸಿನಲ್ಲಿ ಫೋನ್ ತೆಗೆದರೆ ತಾಂಡ್ಯದ ಕಂಪನಿಯ ಮೆಸೇಜು, ಗುರುವಾರದ್ದು. ಆಯ್ಕೆಯಾಗಿದ್ದೀರಿ, ಶನಿವಾರದೊಳಗೆ ತಿಳಿಸಿ ಅಂತ. ಇವತ್ತು ಭಾನುವಾರ. ನೋಡಿಯೇ ಇರಲಿಲ್ಲ.

ಮನೆಗೆ ಬಂದಾಗ ಅಮ್ಮ ಹಿತ್ತಿಲ ಬಾಗಿಲಲ್ಲಿ ಕಾಯುತ್ತಿದ್ದಳು, ಬಚ್ಚಲಲ್ಲಿ ನೀರು ಕಾದಿತ್ತು. ನಾನು ಮುಂಬಾಗಿಲಿನಿಂದಲೇ ಒಳಗೆ ಹೋದೆ.

"ಏನೇ ಇದು, ಸ್ನಾನ?"

"ಇವತ್ತು ಬೇಡಮ್ಮ" ಅಂದೆ. "ನಾನು ಸಾವಿನ ಮನೆಗೆ ಹೋಗಿರಲಿಲ್ಲ."